ಬಿಟ್ಟುಬಂದ ಬುಟ್ಟಿಗೆ ಮೂರು ಕರೆ

ಬುಟ್ಟಿ ತುಂಬಿಸಿ ಬಿಟ್ಟುಬಂದವರನ್ನು ಮೂರು ಸಲ ಕರೆಯಬೇಕು ಎನ್ನುವುದು ಆ ಊರಿನ ಕಟ್ಟಳೆ. ಎರಡಕ್ಕೆ ನಿಲ್ಲಿಸುವಂತಿಲ್ಲ, ನಾಲ್ಕನೆಯ ಸಲ ಹೋಗುವಂತಿಲ್ಲ. ಕಟ್ಟಳೆ ಮಾಡಿದವರು ಯಾರೆಂದು ಯಾರಿಗೂ ಗೊತ್ತಿಲ್ಲ. ಗೊತ್ತಿದ್ದರೆ ಅವರ ಮನೆಗೂ ಹೋಗಿ ನಾಲ್ಕು ಮಾತು ಅಂದುಬರಬಹುದಿತ್ತು ಎಂದು ಕರೆಯುವ ಕೆಲಸದವರು ಆಗಾಗ ಅಂದುಕೊಳ್ಳುತ್ತಿದ್ದರು. ಅಂದುಕೊಂಡು ಮತ್ತೆ ಮುಂದಿನ ಮನೆಗೆ ನಡೆಯುತ್ತಿದ್ದರು.

ಊರಿನ ನಡುವೆ ದೊಡ್ಡ ಅಂಗಡಿ. ಬೇಕಾದ್ದೆಲ್ಲ ಅಲ್ಲಿಂದಲೇ ಬರಬೇಕು. ಅಂಗಡಿ ಬಂದ ಮೇಲೆ ಮನೆಯಿಂದ ಮನೆಗೆ ಒಂದು ಹಿಡಿ ಉಪ್ಪು ಕೂಡ ಹೋಗುವಂತಿಲ್ಲ. ಪಕ್ಕದ ಮನೆಯ ಬೆಂಕಿಕಡ್ಡಿಯನ್ನು ಈ ಮನೆಯ ಒಲೆಗೆ ಗೀರಿದರೆ ಹತ್ತುವುದಿಲ್ಲ. ಒಳಗೆ ಹೋಗುವುದಕ್ಕೆ ಯಾರ ಅಪ್ಪಣೆಯೂ ಬೇಡ. ರಾಶಿಯಿಂದ ಒಂದು ಬುಟ್ಟಿ ಎತ್ತಿಕೊಂಡರೆ ಆಯಿತು, ಹಲಗೆಗಳ ಸಾಲಿನಲ್ಲಿ ಸಾಮಾನುಗಳು ತಾವಾಗಿಯೇ ಕೈಗೆ ಬರುತ್ತವೆ. ತುಂಬಿಸುವಾಗ ಎಲ್ಲರ ಮುಖವೂ ಕಳೆಕಳೆಯಾಗಿರುತ್ತದೆ.

ತೊಂದರೆ ಇರುವುದು ಹೊರಬಾಗಿಲಿನಲ್ಲಿ. ಅಲ್ಲಿ ಬಾಗಿಲವನು ಕೂತಿದ್ದಾನೆ, ಅವನ ಪಕ್ಕದಲ್ಲಿ ಒಂದು ಮಣ್ಣಿನ ಗಡಿಗೆ. ಊರಿನ ಪ್ರತಿಯೊಬ್ಬರೂ ಪ್ರಾಯಕ್ಕೆ ಬಂದಾಗ ಆ ಗಡಿಗೆಗೆ ಬಾಯಿಟ್ಟು ಒಂದು ಮಾತು ಹೇಳಿ ಹೋಗಿರಬೇಕು. ಆಮೇಲೆ ಯಾವತ್ತು ಸಾಮಾನು ಒಯ್ಯಬೇಕಾದರೂ ಅದೇ ಬಾಯಿಂದ ಅದೇ ಮಾತು ಗಟ್ಟಿಯಾಗಿ ಬರಬೇಕು. ಅಲ್ಲಿ ಬೆಲೆಯೆಂದರೆ ಅದೇ. ಬಾಗಿಲವನ ಕಿವಿಯೂ ಎಲ್ಲರ ಕಿವಿಯಂತಲ್ಲ. ಗಡಿಗೆಯೊಳಗಿನ ಮಾತುಗಳಷ್ಟೇ ಅವನಿಗೆ ಕೇಳಿಸುತ್ತವೆ. ಮಳೆ ಕೇಳಿಸುವುದಿಲ್ಲ, ಜಗಳ ಕೇಳಿಸುವುದಿಲ್ಲ, ಅಳು ಕೇಳಿಸುವುದಿಲ್ಲ. ಸರಿಯಾದ ಮಾತು ಬಿದ್ದರೆ ಅಡ್ಡಪಟ್ಟಿ ಎತ್ತುತ್ತಾನೆ, ಇಲ್ಲದಿದ್ದರೆ ಕಲ್ಲಿನ ಹಾಗೆ ಕೂತಿರುತ್ತಾನೆ.

ಹೀಗಾಗಿ ದಿನವೂ ಹೊರಬಾಗಿಲ ಮುಂದೆ ಬುಟ್ಟಿಗಳು ಉಳಿಯುತ್ತಿದ್ದವು. ಪ್ರತಿ ಮನೆಗೂ ಒಂದು ಬಣ್ಣದ ದಾರ; ಬುಟ್ಟಿಗೆ ಆ ದಾರ ಕಟ್ಟಿ ಸಾಲಾಗಿ ಇಡುತ್ತಿದ್ದರು. ಜನ ಯಾಕೆ ಬಿಟ್ಟುಹೋದರು ಎಂದು ಕೇಳುವುದು ಅಂಗಡಿಯ ಕೆಲಸವಲ್ಲ. ಜನ ಮರೆಯುತ್ತಾರೆ, ಜನರ ಮನಸ್ಸು ನಿಂತಲ್ಲಿ ನಿಲ್ಲುವುದಿಲ್ಲ, ಕರೆದರೆ ಬರುತ್ತಾರೆ ಎನ್ನುವುದು ಮೇಸ್ತ್ರಿಯ ನಂಬಿಕೆ. ಕರೆಯುವವರೆಲ್ಲ ಅವನ ಕೈಕೆಳಗಿನವರು.

ಮೂರು ಕರೆಗೂ ಮಾತು ಗೊತ್ತುಮಾಡಿಟ್ಟಿದ್ದರು. ನೆರಳು ಎರಡು ಗೇಣು ಸರಿದ ಮೇಲೆ ಮೊದಲ ಕರೆ: "ನೀವು ಏನನ್ನೋ ಮರೆತು ಬಂದಿದ್ದೀರಿ. ನಿಮ್ಮ ಬುಟ್ಟಿ ಬಾಗಿಲಲ್ಲಿ ಕಾಯುತ್ತಿದೆ." ಮಾರನೆಯ ದಿನ ಎರಡನೆಯದು: "ನಿಮ್ಮ ಬುಟ್ಟಿಯ ಮೇಲೆ ಬೇರೆಯವರ ಕಣ್ಣು ಬಿದ್ದಿದೆ. ತಡ ಮಾಡಬೇಡಿ." ಅದರ ಮಾರನೆಯ ದಿನ ಮೂರನೆಯದು: "ಇವತ್ತು ಹೊತ್ತು ಮುಳುಗುವುದರೊಳಗೆ ಬಂದರೆ ಒಂದು ಬಾಚಣಿಗೆ ಪುಕ್ಕಟೆ." ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ಮೂರನೆಯ ಕರೆಗೂ ಬಾರದಿದ್ದರೆ ಸಾಮಾನು ಹಲಗೆಗೆ ವಾಪಸು, ದಾರ ಕತ್ತರಿಗೆ.

ಬೆಳಗ್ಗೆ ಮೇಸ್ತ್ರಿ ಕರೆಯುವವರನ್ನು ಸಾಲಾಗಿ ನಿಲ್ಲಿಸಿ ಅವರ ಕಿವಿಗೆ ಅರಳೆ ತುಂಬಿ ಮೇಲೆ ಮೇಣ ಮೆತ್ತುತ್ತಿದ್ದ. ಸಂಜೆ ಅವನೇ ಬಿಡಿಸುತ್ತಿದ್ದ. "ಕರೆಯೋದಕ್ಕೆ ಬಾಯಿ ಸಾಕು. ಕೇಳ್ಕೊಂಡು ನಿಂತ್ರೆ ದಿನಕ್ಕೆ ನಾಲ್ಕು ಮನೆಯೂ ಮುಗಿಯಲ್ಲ" ಎನ್ನುತ್ತಿದ್ದ. ಅವನು ಕೆಟ್ಟವನಲ್ಲ. ಮೇಣವನ್ನು ಬೆಚ್ಚಗೆ ಮಾಡಿಯೇ ಮೆತ್ತುತ್ತಿದ್ದ.

ಕರೆಯುವಾಕೆ ಈ ಕೆಲಸಕ್ಕೆ ಸೇರಿ ಹದಿನೆಂಟು ವರ್ಷವಾಗಿತ್ತು. ಸೇರುವಾಗ ಗಡಿಗೆಯಲ್ಲಿದ್ದ ತನ್ನ ಮಾತನ್ನು ಬಿಟ್ಟುಕೊಡಬೇಕು; ಕರೆಯುವವರು ಬುಟ್ಟಿ ಒಯ್ಯುವಂತಿಲ್ಲ, ಮುಟ್ಟುವಂತೆಯೂ ಇಲ್ಲ. ಅವರಿಗೆ ಬೇಕಾದ್ದನ್ನು ಅಂಗಡಿಯೇ ಅಳೆದು ಕೊಡುತ್ತದೆ. ಅವಳ ಹಿಮ್ಮಡಿ ಬಿರಿದು ಬಿರಿದು ಅದರಲ್ಲಿ ಊರಿನ ಎಲ್ಲ ಓಣಿಗಳ ಮಣ್ಣೂ ಸೇರಿಹೋಗಿತ್ತು. ಮಂಡಿ ಮೆಟ್ಟಿಲು ಕಂಡರೆ ಸಾಕು, ಮುಂಚೆಯೇ ನೋಯುತ್ತಿತ್ತು. ಉಣ್ಣುವಾಗ ತಟ್ಟೆಯ ಮುಂದೆ ಕೂತು ತನ್ನಷ್ಟಕ್ಕೆ "ತಡ ಮಾಡಬೇಡಿ" ಅಂದುಬಿಡುತ್ತಿದ್ದಳು. ಅಂದ ಮೇಲೆ ಸುತ್ತ ನೋಡಿ ತುತ್ತು ಎತ್ತುತ್ತಿದ್ದಳು. ಕರೆದ ಮನೆಗಳಲ್ಲಿ ಜನ ಬಾಯಿ ಆಡಿಸುವುದು ಕಾಣುತ್ತಿತ್ತು. ಬೈಯುತ್ತಿರಬೇಕು ಎಂದುಕೊಂಡು ತಲೆ ತಗ್ಗಿಸಿ ತಿರುಗುತ್ತಿದ್ದಳು.

ಅವಳಿಗೆ ಬೇಕಾದದ್ದು ಒಂದೇ, ಕೂರುವುದು. ಹೊರಬಾಗಿಲ ಪಕ್ಕದ ಗೋಡೆಗೆ ಒರಗಿಸಿ ಐದು ಮಣೆ ಹಾಕಿದ್ದರು. ಆ ಮಣೆಯ ಮೇಲೆ ಕೂತವರ ಕೆಲಸ ಬುಟ್ಟಿಗೆ ದಾರ ಕಟ್ಟುವುದು, ಅಷ್ಟೆ. ಯಾರ ಪಾಲಿನ ಸಾಲಿನಲ್ಲಿ ಒಂದು ಬುಟ್ಟಿಯೂ ಉಳಿಯದೆ ಎಲ್ಲವೂ ಹೊರಬಾಗಿಲು ದಾಟಿ ಹೋಗುತ್ತವೋ ಅವರಿಗೆ ಮಣೆ. ಹದಿನೆಂಟು ವರ್ಷದಲ್ಲಿ ಅವಳ ಸಾಲು ಒಮ್ಮೆಯೂ ಖಾಲಿಯಾಗಿರಲಿಲ್ಲ. ಒಂದಾದರೂ ಬುಟ್ಟಿ ಹಲಗೆಗೆ ಹೋಗುತ್ತಿತ್ತು, ಮರುದಿನ ಹೊಸ ಸಾಲು ಬಂದು ನಿಲ್ಲುತ್ತಿತ್ತು. ಈ ಸಲ ಮಾತ್ರ ಏನಾಯಿತೋ, ಜನ ಒಬ್ಬೊಬ್ಬರಾಗಿ ಬಂದು ಒಯ್ದಿದ್ದರು. ಉಳಿದದ್ದು ಒಂದೇ ಬುಟ್ಟಿ, ಜೊಂಡಿನ ಹಸಿರು ದಾರದ್ದು.

ಮುಟ್ಟುವಂತಿಲ್ಲದಿದ್ದರೂ ನೋಡಬಾರದು ಎಂದೇನಿಲ್ಲ. ಅದರಲ್ಲಿ ಒಂದು ಕಂಬಳಿ, ಒಂದು ಒರಗುದಿಂಬು, ಅವೆರಡರ ಮೇಲೆ ಒಂದು ಒಳಲೆ. ಹಸುಗೂಸಿಗೆ ಹಾಲು ಕುಡಿಸುವ ಆ ಕೊಕ್ಕಿನ ಬಟ್ಟಲನ್ನು ಕಂಡು, ಆ ಮನೆಯಲ್ಲಿ ಮಗು ಹುಟ್ಟಿದೆ ಎಂದು ಕರೆಯುವಾಕೆ ತೀರ್ಮಾನಿಸಿದಳು. ಮಗು ಹುಟ್ಟಿದ ಮನೆಯವರು ಬಾರದೆ ಇರುವುದಿಲ್ಲ. ಮಣೆಯ ಮೇಲೆ ಕೂತರೆ ಕಾಲನ್ನು ಹೇಗೆ ಚಾಚಬೇಕು ಎಂದು ಅವಳು ಆಗಲೇ ಯೋಚಿಸತೊಡಗಿದ್ದಳು.

ಮೊದಲ ಕರೆಗೆ ಹೋದಾಗ ಮನೆ ಗುರುತಿಸುವುದು ಕಷ್ಟವಾಗಲಿಲ್ಲ. ಜಗಲಿಯ ತುಂಬ ಸೀಳಿದ ಜೊಂಡು, ಅರ್ಧ ಹೆಣೆದ ಚಾಪೆ. ಚಾಪೆ ಹೆಣೆಯುವಾಕೆ ಹಲ್ಲಿನಲ್ಲಿ ಒಂದು ಸೀಳು ಕಚ್ಚಿಕೊಂಡೇ ಹೊರಗೆ ಬಂದಳು. ಮಗು ಹುಟ್ಟಿದ ಮನೆಯ ಮುಖವಲ್ಲ ಅದು. ಕರೆಯುವಾಕೆ ಹೇಳುವುದನ್ನು ಹೇಳಿದಳು: "ನೀವು ಏನನ್ನೋ ಮರೆತು ಬಂದಿದ್ದೀರಿ. ನಿಮ್ಮ ಬುಟ್ಟಿ ಬಾಗಿಲಲ್ಲಿ ಕಾಯುತ್ತಿದೆ." ಆಕೆ ಸೀಳನ್ನು ಬಾಯಿಂದ ತೆಗೆದು ಏನೋ ಅಂದಳು. ಕರೆಯುವಾಕೆ ತಿರುಗಿ ನಡೆದಳು.

ಎರಡನೆಯ ದಿನ, "ನಿಮ್ಮ ಬುಟ್ಟಿಯ ಮೇಲೆ ಬೇರೆಯವರ ಕಣ್ಣು ಬಿದ್ದಿದೆ. ತಡ ಮಾಡಬೇಡಿ" ಅಂದಾಗ ಚಾಪೆಯಾಕೆ ಜಗಲಿ ಇಳಿದು ಬಂದು ಅವಳ ಮುಂಗೈ ಹಿಡಿದುಕೊಂಡಳು. ತುಂಬ ಹೊತ್ತು ಮಾತಾಡಿದಳು. ಬೈಗುಳದ ಬಾಯಿ ಹೇಗಿರುತ್ತದೆ ಎಂದು ಕರೆಯುವಾಕೆಗೆ ಗೊತ್ತು, ಇದು ಹಾಗಿರಲಿಲ್ಲ. ಮಾತು ಸರಸರ ಬರುತ್ತಿತ್ತು, ಒಂದು ಕಡೆ ಬಂದು ತುಟಿ ತೆರೆದು ಹಾಗೇ ನಿಲ್ಲುತ್ತಿತ್ತು. ಮತ್ತೆ ಮೊದಲಿಂದ ಶುರುವಾಗಿ ಅದೇ ಜಾಗದಲ್ಲಿ ನಿಲ್ಲುತ್ತಿತ್ತು. ಕರೆಯುವಾಕೆ ಕೈ ಬಿಡಿಸಿಕೊಂಡು ಬಂದಳಾದರೂ ಆ ತೆರೆದ ಬಾಯಿ ಅವಳ ಜೊತೆಗೇ ಬಂತು.

ಸಂಜೆ ಮೇಸ್ತ್ರಿ ಮೇಣ ಬಿಡಿಸುತ್ತ, "ಒಂದೇ ಒಂದು ಉಳಿದಿದೆಯಲ್ಲಮ್ಮ. ನಾಳೆ ಹೊತ್ತು ಮುಳುಗೋದ್ರೊಳಗೆ ಅದು ದಾಟಿದ್ರೆ ನಾಡಿದ್ದಿನಿಂದ ನೀನು ನಡೆಯೋ ಹಾಗಿಲ್ಲ" ಎಂದ.

"ದಾಟದೆ ಹೋದ್ರೆ?"

"ಹೋದ್ರೆ ಹೊಸ ಸಾಲು. ನಿನಗೆ ಗೊತ್ತಿಲ್ದಿರೋದು ಏನಿದೆ" ಎಂದು ಅವನು ಐದನೆಯ ಮಣೆಯ ಧೂಳನ್ನು ತನ್ನ ವಸ್ತ್ರದಿಂದಲೇ ಒರೆಸಿದ. ಅವಳಿಗೆ ಅಳು ಬಂತು. ಯಾರೋ ತನಗಾಗಿ ಒಂದು ಜಾಗ ಒರೆಸುವುದನ್ನು ನೋಡಿ ಬಹಳ ಕಾಲವಾಗಿತ್ತು.

ಮೂರನೆಯ ದಿನ ಬಿಸಿಲು ಇನ್ನೂ ಮೇಲಿರುವಾಗಲೇ ಅವಳು ಜೊಂಡಿನ ಓಣಿಗೆ ಬಂದಳು. ಬಾಚಣಿಗೆಯ ಮಾತು ಹೇಳಿದಳು. ಚಾಪೆಯಾಕೆ ಈ ಸಲ ಜಗಲಿಯಿಂದ ಇಳಿಯಲಿಲ್ಲ, ಕಂಬಕ್ಕೆ ಒರಗಿ ನಿಂತು ತುಟಿ ಆಡಿಸಿದಳು, ಅದೇ ಜಾಗದಲ್ಲಿ ತುಟಿ ನಿಂತಿತು. ಇನ್ನು ನಾಲ್ಕನೆಯ ಕರೆ ಇಲ್ಲ. ಕರೆಯುವಾಕೆ ತಿರುಗಿ ಎರಡು ಹೆಜ್ಜೆ ಇಟ್ಟಳು. ಮಂಡಿ ಚುಳಕ್ಕೆಂದಿತು. ಅಲ್ಲೇ ನಿಂತು, ಉಗುರಿನಿಂದ ಬಲಗಿವಿಯ ಮೇಣ ಎಬ್ಬಿಸಿ ಅರಳೆ ಎಳೆದುಹಾಕಿದಳು. ಆಮೇಲೆ ಎಡಗಿವಿಯದು. ಅರಳೆ ತೆಗೆದವರ ಗಂಟಲು ಕಟ್ಟಿಹೋಗುತ್ತದೆ, ಮತ್ತೆ ಕರೆಯಲು ಬರುವುದಿಲ್ಲ ಎಂದು ಕೆಲಸದವರಲ್ಲಿ ಒಂದು ಮಾತಿತ್ತು. ಕಟ್ಟಿದರೆ ಕಟ್ಟಲಿ ಅನಿಸಿತು ಅವಳಿಗೆ.

ಮೊದಲು ಕೇಳಿಸಿದ್ದು ಗಾಳಿಗೆ ಜೊಂಡು ಸರಗುಟ್ಟುವ ಸದ್ದು. ಆಮೇಲೆ ಮನೆಯೊಳಗಿಂದ ಒಂದು ಕೆಮ್ಮು, ನೀರಿಲ್ಲದ ಒಣ ಕೆಮ್ಮು. ಆಮೇಲೆ ಚಾಪೆಯಾಕೆಯ ದನಿ.

"ನಾನು ಮರ್ತಿಲ್ಲ ಕಣಕ್ಕ. ಮೂರು ದಿವಸದಿಂದ ಇದೇ ಹೇಳ್ತಾ ಇವ್ನಿ. ನಾನು ಏನೂ ಮರ್ತಿಲ್ಲ."

ಕರೆಯುವಾಕೆ ಜಗಲಿಯ ಅಂಚಿಗೆ ಕೈಯೂರಿದಳು. "ಈಗ ಕೇಳಿಸ್ತದೆ. ಹೇಳವ್ವ. ಮರೀದಿದ್ರೆ ಬುಟ್ಟಿ ಯಾಕೆ ಬಿಟ್ಟುಬಂದೆ?"

ಚಾಪೆಯಾಕೆ ಒಂದು ಗಳಿಗೆ ಅವಳ ಕಿವಿಯನ್ನೇ ನೋಡಿದಳು. ಆಮೇಲೆ ಹೇಳತೊಡಗಿದಳು. ಇಷ್ಟು ವರ್ಷ ಅಂಗಡಿಗೆ ಹೋಗುತ್ತಿದ್ದದ್ದು ಅವಳ ಗಂಡ. ಇವಳಿಗೆ ಹೊರಬಾಗಿಲ ಮುಂದೆ ನಿಲ್ಲುವ ಪ್ರಸಂಗವೇ ಬಂದಿರಲಿಲ್ಲ. ಜೊಂಡು ಕೊಯ್ಯಲು ಹೋದವನು ಕೆರೆಯ ಏರಿಯಿಂದ ಬಿದ್ದು ಈಗ ಕತ್ತು ಎತ್ತುವಂತಿಲ್ಲ. ಲೋಟದಲ್ಲಿ ನೀರು ಕೊಟ್ಟರೆ ಕೆನ್ನೆಯ ಮೇಲೆ ಹರಿದುಹೋಗುತ್ತದೆ, ಚಮಚದಲ್ಲಿ ಕೊಟ್ಟರೆ ನೆತ್ತಿಗೆ ಹತ್ತುತ್ತದೆ. ಬಟ್ಟೆ ಅದ್ದಿ ತುಟಿಗೆ ಹಿಂಡುತ್ತಿದ್ದಾಳೆ. ಒಳಲೆಯ ಕೊಕ್ಕಿದ್ದರೆ ಕೆನ್ನೆಯ ಸಂದಿಯಿಂದ ಸಣ್ಣಗೆ ಇಳಿಸಬಹುದು.

"ಹಂಗಾದ್ರೆ ನಿನ್ನ ಮಾತು ಹೇಳಿ ತರಬಾರ್ದ?"

"ಹೇಳೋಕೆ ಬರಲ್ಲ ಅಕ್ಕ."

"ನೆನಪಿಲ್ವ?"

"ನೆನಪಿಲ್ದೆ ಏನು? ದಿನಾ ನೂರು ಸಲ ಮನಸ್ಸಲ್ಲಿ ಬತ್ತದೆ." ಚಾಪೆಯಾಕೆ ಮನೆಯೊಳಗೆ ಒಮ್ಮೆ ಕಣ್ಣು ಹಾಯಿಸಿ ದನಿ ತಗ್ಗಿಸಿದಳು. "ಮಾತು ಹೇಳೋಕೆ ನಮ್ಮವ್ವ ನನ್ನ ಅಂಗಡಿಗೆ ಕರ್ಕೊಂಡು ಹೋಗಿದ್ದು ಮದುವೆ ಹಿಂದಿನ ದಿನ. ಯಾರ ಮುಂದೂ ಬಾಯಿ ತಪ್ಪಿ ಬರಬಾರ್ದು, ಅಂಥ ಮಾತು ಹೇಳು ಅಂದ್ಲು. ನಾನು ಭಾರೀ ಜಾಣೆ ನೋಡಿ. ನಾಳೆಯಿಂದ ಸಾಯೋ ತನಕ ಯಾವ ಮಾತು ನನ್ನ ಬಾಯಲ್ಲಿ ಬರಲ್ಲ ಅಂತ ಯೋಚನೆ ಮಾಡ್ದೆ. ಮಾಡಿ, ನಮ್ಮೋರ ಹೆಸರು ಹೇಳಿಬಿಟ್ಟೆ. ಇನ್ನೂ ಧಾರೆ ಆಗಿರ್ಲಿಲ್ವಲ್ಲ, ಆವತ್ತು ನಾಲಿಗೆಗೆ ಯಾವ ಕಟ್ಟೂ ಇರ್ಲಿಲ್ಲ."

ಗಂಡನ ಹೆಸರು ಎತ್ತಿದರೆ ಅವನ ಆಯಸ್ಸು ಸವೆಯುತ್ತದೆ ಎನ್ನುವುದನ್ನು ಕರೆಯುವಾಕೆಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಅವಳೂ ತನ್ನ ಗಂಡನನ್ನು ಇದ್ದಷ್ಟು ದಿನ "ಇವರೇ" ಎಂದೇ ಕರೆದವಳು. ಆದರೂ ಹೊತ್ತು ಇಳಿಯುತ್ತಿತ್ತು, ಮಣೆ ಕಣ್ಣ ಮುಂದಿತ್ತು. "ಅವರನ್ನ ಕೇಳಿದ್ಯಾ?" ಅಂದಳು.

"ಅವರು ಹೇಳು ಪರವಾಗಿಲ್ಲ ಅಂದ್ರು. ಮೊನ್ನೆ ಹೋಗಿ ನಿಂತೆ ಕಣಕ್ಕ, ಬಾಗಿಲವನ ಮುಂದೆ. ಬಾಯಿ ಬಿಟ್ಟೆ. ಇರೋದೇ ಒಂದು ಹಿಡಿ ಉಸಿರು. ಅದನ್ನ ನಾನೇ ಕೈಯಾರೆ ಕಡಿಮೆ ಮಾಡ್ಲಾ? ಬುಟ್ಟಿ ಕೆಳಗಿಟ್ಟು ಬಂದ್ಬಿಟ್ಟೆ."

"ಗಡಿಗೆಗೆ ಬೇರೆ ಮಾತು ಕೊಡಬಹುದಲ್ಲ?"

"ಅಮಾಸೆ ತನಕ ಕಾಯ್ಬೇಕಂತೆ. ಅಷ್ಟು ದಿನ ಬಟ್ಟೆ ಹಿಂಡಿ ಹಿಂಡಿ..."

ಒಳಗೆ ಕೆಮ್ಮು ಬಂದು ನಿಂತಿತು. ಕರೆಯುವಾಕೆಗೆ ತನ್ನ ಮದುವೆಯ ದಿನ ನೆನಪಾಯಿತು. ಹೊಸಿಲ ಮೇಲೆ ಅಕ್ಕಿಯ ಸೇರು, ಅದರಾಚೆ ಕೈ ಅಡ್ಡ ಹಾಕಿ ನಿಂತ ನಾದಿನಿಯರು, ಗಂಡನ ಹೆಸರು ಹೇಳದೆ ಒಳಗೆ ಬಿಡುವುದಿಲ್ಲ ಎಂಬ ಅವರ ಹಟ. ಅಲ್ಲಿ ಒಂದು ಪದ್ಯದ ಸಾಲಿನೊಳಗೆ ಹೆಣೆದು ಹೇಳಿದ್ದಳಲ್ಲ ಅವಳು. ಊರಿನ ಎಲ್ಲ ಹೆಂಗಸರೂ ಒಮ್ಮೆ ಹೇಳಿದ್ದಾರಲ್ಲ.

"ಒಡಪಲ್ಲಿ ಹೇಳಿದ್ರೆ ದೋಷ ಇಲ್ಲ" ಅಂದಳು.

ಚಾಪೆಯಾಕೆ ತಲೆಯೆತ್ತಿದಳು. "ಒಡಪು ಕಟ್ಟಿ ಹೇಳಿದ್ರೆ ಬಾಗಿಲವನು ಒಪ್ತಾನಾ? ಅವನಿಗೆ ಬೇಕಾಗಿರೋದು ಒಂದೇ ಮಾತು. ಮುಂದೆ ಹಿಂದೆ ಇಷ್ಟುದ್ದ ಸೇರಿಸಿದ್ರೆ?"

"ಅವನಿಗೆ ಆ ಒಂದು ಮಾತು ಬಿಟ್ಟು ಬೇರೆ ಏನೂ ಕೇಳಿಸಲ್ಲ ಕಣವ್ವ. ಹದಿನೆಂಟು ವರ್ಷದಿಂದ ನೋಡ್ತಿದೀನಿ. ಅವನ ಮುಂದೆ ಸಿಡಿಲು ಬಿದ್ರೂ ಕಣ್ಣು ಪಿಳುಕಿಸಲ್ಲ. ನೀನು ಒಡಪು ಹೇಳು, ಹೆಸರು ಮಾತ್ರ ಅವನ ಕಿವೀಗೆ ಬೀಳ್ತದೆ. ನಿನ್ನ ಪಾಲಿಗೆ ಅದು ಒಡಪು, ಅವನ ಪಾಲಿಗೆ ಅದು ಮಾತು."

ಚಾಪೆಯಾಕೆಯ ಮುಖಕ್ಕೆ ನಿಧಾನವಾಗಿ ಕಳೆ ಬಂತು. ತನ್ನ ಮದುವೆಯಲ್ಲಿ ಹೇಳಿದ ಒಡಪು ನೆನಪಿಗೆ ತಂದುಕೊಳ್ಳಲು ಹೊರಟಳು. ಹೀರೆ ಹೂವು, ಹಿತ್ತಲು, ಬೇಲಿ ಅಷ್ಟೇ ಉಳಿದಿತ್ತು. ಉಳಿದದ್ದನ್ನು ಇಬ್ಬರೂ ಸೇರಿ ಕಟ್ಟಿದರು. ಕರೆಯುವಾಕೆಗೆ ಮೂರು ಮಾತು ಬಿಟ್ಟು ಬೇರೆ ಏನನ್ನಾದರೂ ಬಾಯಿಂದ ಜೋಡಿಸಿ ಎಷ್ಟೋ ಕಾಲವಾಗಿತ್ತು, ಆದರೂ ಬಂತು. ಹೆಸರಿನ ಜಾಗದಲ್ಲಿ ಚಾಪೆಯಾಕೆ ಒಂದು ಚಪ್ಪಾಳೆ ತಟ್ಟಿ ಅಭ್ಯಾಸ ಮಾಡಿದಳು.

"ಹೀರೆ ಹೂವು ಅರಳಿತು ಹಿತ್ತಲ ಬೇಲಿ ಮೇಲೆ," ಎಂದು ಒಂದು ಚಪ್ಪಾಳೆ, "ಹೆಸರು ಕೂತೈತೆ ನನ್ನ ನಾಲಿಗೆ ಮೇಲೆ."

ಒಳಗಿನಿಂದ ಮಂಚದ ಅಂಚನ್ನು ಬೆರಳಿನಿಂದ ಎರಡು ಸಲ ಕುಟ್ಟಿದ ಸದ್ದು ಬಂತು. ಚಾಪೆಯಾಕೆ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕಳು. "ಕೇಳಿಸ್ಕತಾ ಅವ್ರೆ" ಅಂದಳು. ಮತ್ತೊಮ್ಮೆ ಹೇಳಿದಳು, ಮತ್ತೊಮ್ಮೆ ಒಳಗೆ ಬೆರಳು ಕುಟ್ಟಿತು. ಆಗ ಆ ಮನೆಯಲ್ಲಿ ಯಾರೋ ಕಾಯಿಲೆ ಬಿದ್ದವರಿದ್ದಾರೆ ಎಂದೇ ಅನಿಸುತ್ತಿರಲಿಲ್ಲ.

"ನೀವು ನಡೀತಿರಿ ಅಕ್ಕ. ಅವರಿಗೆ ಒಂದು ಸಲ ತುಟಿ ಒದ್ದೆ ಮಾಡಿ, ಹಿಂದೇನೇ ಬತ್ತೀನಿ."

"ಹೊತ್ತು ಮುಳುಗೋದ್ರೊಳಗೆ" ಅಂದಳು ಕರೆಯುವಾಕೆ. ಅಭ್ಯಾಸಬಲದಿಂದ ಬಾಚಣಿಗೆಯ ಮಾತೂ ಬಾಯಿಗೆ ಬಂದಿತ್ತು, ನುಂಗಿಕೊಂಡಳು.

ವಾಪಸು ಬರುವ ದಾರಿ ಅವಳಿಗೆ ಹೊಸದಾಗಿತ್ತು. ಅದೇ ಓಣಿ, ಅದೇ ಬಾಗಿಲುಗಳು. ಅವಳನ್ನು ಕಂಡರೆ ಸಾಕು, ಕರೆಯದಿದ್ದರೂ ಉತ್ತರ ಕೊಡುವುದು ಜನರಿಗೆ ರೂಢಿಯಾಗಿಹೋಗಿತ್ತು. ಒಬ್ಬಳು ಬಾಗಿಲಿಗೆ ನೀರು ಹಾಕುತ್ತಲೇ, "ಬೇಡ ಅಂತ ಹತ್ತು ಸಲ ಹೇಳಿದೀನಲ್ಲ ತಾಯಿ, ಸುಮ್ನೆ ಯಾಕೆ ಕಾಲು ಸವೆಸ್ತೀಯ" ಅಂದಳು. ಒಬ್ಬ ಮುದುಕ ಕಟ್ಟೆಯ ಮೇಲೆ ಕೂತು, "ಗುಬ್ಬಿ, ಗೂಟ, ಗೋಧಿ, ಗಂಟೆ... ಇಲ್ಲ ಕಣಮ್ಮ, ಗಕಾರದಿಂದ ಶುರು ಅಂತ ಮಾತ್ರ ನೆನಪು, ಇವತ್ತೂ ಹೊಳೀಲಿಲ್ಲ" ಅಂದ. ಆ ಮುದುಕನನ್ನು ಅವಳು ವರ್ಷಗಳಿಂದ ಬಲ್ಲಳು. ಶಾಪ ಹಾಕುತ್ತಾನೆ ಎಂದುಕೊಂಡು ಅವನ ಮನೆಯ ಮುಂದೆ ಯಾವಾಗಲೂ ಬೇಗ ಬೇಗ ಹೆಜ್ಜೆ ಹಾಕುತ್ತಿದ್ದಳು. ಇನ್ನೊಬ್ಬಳು ಕಿಟಕಿಯಿಂದ, "ಬಿಸಿಲಲ್ಲಿ ಬಂದಿದೀರ, ಮಜ್ಜಿಗೆ ಕುಡೀತೀರಾ ಅಂತ ದಿನಾ ಕೇಳ್ತೀನಿ, ಮಾತೇ ಆಡಲ್ಲ ನೀವು" ಅಂದಳು. ಕರೆಯುವಾಕೆ ನಾಚಿಕೆಯಿಂದ ಕುಗ್ಗಿಹೋದಳು. ನಿಂತು ಮಜ್ಜಿಗೆ ಕುಡಿಯೋಣವೆಂದರೆ ಕೊಡುವಂತಿರಲಿಲ್ಲ, ಕುಡಿಯುವಂತಿರಲಿಲ್ಲ. ಆದರೂ ಆಕೆ ಕೇಳುತ್ತಿದ್ದಳಲ್ಲ, ದಿನವೂ.

ಹೊರಬಾಗಿಲ ಬಳಿ ಬಂದು ಹಸಿರು ದಾರದ ಬುಟ್ಟಿಯ ಪಕ್ಕದಲ್ಲಿ ನಿಂತಳು. ಮೇಸ್ತ್ರಿ ಆಕಾಶ ನೋಡಿದ, ಅವಳನ್ನು ನೋಡಿದ. ಅವಳ ಕಿವಿ ಬರಿದಾಗಿರುವುದು ಅವನಿಗೆ ಕಾಣಿಸಿತೋ ಇಲ್ಲವೋ, ಮತ್ತೆ ಆಕಾಶ ನೋಡಿದ. ಬಿಸಿಲು ಬುಟ್ಟಿಯ ಅಂಚಿಗೆ ಬಂತು, ಅಲ್ಲಿಂದ ನೆಲಕ್ಕೆ ಇಳಿಯಿತು, ನೆಲದಿಂದ ಗೋಡೆಗೆ ಏರಿತು. ಹಿಂದೇನೇ ಬರುತ್ತೇನೆ ಎಂದವಳು ಬರಲಿಲ್ಲ. ಹಲಗೆಯವರು ಸಾಮಾನು ವಾಪಸು ಒಯ್ಯಲು ಬಂದು ಕೈಕಟ್ಟಿ ನಿಂತರು. ಕರೆಯುವಾಕೆ ಮನಸ್ಸಿನಲ್ಲೇ ಹೀರೆ ಹೂವಿನ ಸಾಲನ್ನು ಹೇಳಿಕೊಳ್ಳುತ್ತಿದ್ದಳು, ಅವಳು ಮರೆತು ಬಂದರೆ ನೆನಪು ಮಾಡಿಕೊಡೋಣವೆಂದು.

ಗೋಡೆಯ ತುದಿಯಲ್ಲಿ ಒಂದು ಗೆರೆಯಷ್ಟು ಬಿಸಿಲು ಉಳಿದಿದ್ದಾಗ ಚಾಪೆ ಹೆಣೆಯುವಾಕೆ ಬಂದಳು. ಓಡಿ ಬರಲಿಲ್ಲ, ನಡೆದು ಬಂದಳು. ತಲೆ ಬಾಚಿರಲಿಲ್ಲ. ಬುಟ್ಟಿಯನ್ನಾಗಲಿ ಕರೆಯುವಾಕೆಯನ್ನಾಗಲಿ ನೋಡದೆ ನೇರ ಹೋಗಿ ಬಾಗಿಲವನ ಮುಂದೆ ನಿಂತಳು.

ಹೀರೆ ಹೂವು ಬರಲಿಲ್ಲ, ಬೇಲಿ ಬರಲಿಲ್ಲ.

"ಹೊನ್ನಯ್ಯ" ಅಂದಳು ಚಾಪೆಯಾಕೆ.

ಅವಸರದಲ್ಲಿ ಒಡಪು ಮರೆತಳು ಎಂದುಕೊಂಡಳು ಕರೆಯುವಾಕೆ. ಆ ದನಿಯಲ್ಲಿ ಅವಸರವೇ ಇರಲಿಲ್ಲ ಎಂದು ತಿಳಿಯಲು ಅವಳಿಗೆ ಇನ್ನೊಂದು ಗಳಿಗೆ ಬೇಕಾಯಿತು. ತಿಳಿದ ಮೇಲೆ ಗೋಡೆಗೆ ಕೈ ಕೊಟ್ಟಳು.

ಒಂದು ಸಲ ಸಾಕಾಗಿತ್ತು, ಬಾಗಿಲವನು ಆಗಲೇ ಅಡ್ಡಪಟ್ಟಿ ಎತ್ತಿದ್ದ. ಆದರೂ ಚಾಪೆಯಾಕೆ ಮತ್ತೆ ಹೇಳಿದಳು. "ಹೊನ್ನಯ್ಯ. ಹೊನ್ನಯ್ಯ." ಬಿಸಿ ಅನ್ನವನ್ನು ಬಾಯಲ್ಲಿಟ್ಟು ಹದ ನೋಡುವವರಂತೆ ಹೇಳಿದಳು. ಆಮೇಲೆ ಬಂದು ಬುಟ್ಟಿ ಎತ್ತಿ ಸೊಂಟಕ್ಕೆ ಇಟ್ಟುಕೊಂಡು ಹೊರಬಾಗಿಲು ದಾಟಿ ಹೋದಳು. ಬಾಚಣಿಗೆ ಕೊಡಲು ಚಾಚಿದ ಅಂಗಡಿಯ ಆಳಿನ ಕೈ ಹಾಗೇ ಉಳಿಯಿತು.

ಮೇಸ್ತ್ರಿಗೆ ಖುಷಿಯೋ ಖುಷಿ. ಖಾಲಿ ಸಾಲಿನ ಉದ್ದಕ್ಕೂ ಒಮ್ಮೆ ನಡೆದು ನೋಡಿದ. ಐದನೆಯ ಮಣೆಯನ್ನು ಮತ್ತೊಮ್ಮೆ ಒರೆಸಿ, "ಕೂತ್ಕೊಳಮ್ಮ, ಇನ್ನೇನು ನೋಡ್ತೀಯ" ಎಂದು ಅವಳ ಭುಜ ಹಿಡಿದು ತಾನೇ ಕೂರಿಸಿದ. ಕರೆಯುವಾಕೆ ಕೂತಳು. ಮಂಡಿ ಮಡಿಸಿದೊಡನೆ ಹದಿನೆಂಟು ವರ್ಷದ ನೋವೆಲ್ಲ ಒಟ್ಟಿಗೆ ಇಳಿದುಹೋಗಲು ಹೊರಟಂತಾಗಿ, ಎಲ್ಲಿ ಅಲ್ಲೇ ನಿದ್ದೆ ಹೋಗುತ್ತೇನೋ ಎಂದು ಅವಳಿಗೆ ಭಯವಾಯಿತು. ಅಷ್ಟು ಸುಖವಾಗಿತ್ತು ಆ ಮಣೆ.

ಮೇಸ್ತ್ರಿ ಅವಳ ಮುಂದೆ ಕುಕ್ಕರಗಾಲಿನಲ್ಲಿ ಕೂತ. "ಒಂದು ಹೇಳು. ಮೂರು ದಿನ ಬಾರದೆ ಇದ್ದವಳು ಕೊನೇ ಗಳಿಗೆಯಲ್ಲಿ ಬಂದ್ಲು. ಏನಂತ ಕರೆದೆ? ನೀನು ಏನೋ ಬೇರೆ ಮಾತು ಆಡಿದೀಯ. ಬೈಯಲ್ಲ ನಾನು, ಹೇಳು. ನಾಳೆಯಿಂದ ಎಲ್ಲರಿಗೂ ಅದನ್ನೇ ಕಲಿಸೋಣ."

"ಅವಳ ಗಂಡ ತೀರಿಕೊಂಡ" ಅಂದಳು ಕರೆಯುವಾಕೆ.

ಮೇಸ್ತ್ರಿ ಗದ್ದ ಉಜ್ಜಿಕೊಳ್ಳುತ್ತ ಸ್ವಲ್ಪ ಹೊತ್ತು ಯೋಚಿಸಿದ.

"ಅದು ಎಲ್ಲ ಮನೆಗೂ ಹೊಂದೋ ಮಾತಲ್ಲ" ಎಂದ.

ಕರೆಯುವಾಕೆ ಗೋಡೆ ಹಿಡಿದು ಎದ್ದಳು. ಮೇಸ್ತ್ರಿಗೆ ಅರ್ಥವಾಗಲಿಲ್ಲ. "ಎಲ್ಲಿಗೆ? ಎದ್ದರೆ ಮಣೆ ಬೇರೆಯವರ ಪಾಲು, ಮತ್ತೆ ನಡೆಯೋ ಕೆಲಸವೇ. ಹೇಳಿದೀನಿ ನೋಡು" ಎಂದ. ಅವನ ದನಿಯಲ್ಲಿ ನಿಜವಾದ ಕಳಕಳಿಯಿತ್ತು. ಅವಳಿಗೆ ಅದು ಕೇಳಿಸಿತು, ಎಲ್ಲವೂ ಕೇಳಿಸುತ್ತಿತ್ತು ಈಗ. ಮಂಡಿ ಮತ್ತೆ ನೋಯತೊಡಗಿತು. ಆ ಮನೆಗೆ ಮೂರು ಕರೆಯೂ ಮುಗಿದಿದ್ದವು, ನಾಲ್ಕನೆಯ ಸಲ ಹೋಗುವಂತಿರಲಿಲ್ಲ. ಅವಳು ಹೋದಳು.

ಚಾಪೆಯಾಕೆ ಮುದುಕನ ಕಟ್ಟೆಯ ಹತ್ತಿರ ಸಿಕ್ಕಳು. ನಿಧಾನವಾಗಿ ನಡೆಯುತ್ತಿದ್ದಳು, ಬೇಗ ಹೋಗಿ ಮಾಡಬೇಕಾದದ್ದು ಏನೂ ಉಳಿದಿಲ್ಲದವರ ನಡಿಗೆ. ಕರೆಯುವಾಕೆ ಬುಟ್ಟಿಯ ಒಂದು ಬದಿ ಹಿಡಿದಳು. ಅವಳು ಸೊಂಟದಿಂದ ಇಳಿಸಿ ಇನ್ನೊಂದು ಬದಿ ಹಿಡಿದಳು. ಇಬ್ಬರ ನಡುವೆ ಬುಟ್ಟಿ, ಅದರ ಮೇಲೆ ಒಳಲೆ ಅಲುಗಾಡುತ್ತಿತ್ತು.

"ನೀವು ಅತ್ತ ಹೋದ್ರಿ. ನಾನು ಬಟ್ಟೆ ಅದ್ದಿಕೊಂಡು ಒಳಗೆ ಹೋದೆ. ಇನ್ನೂ ಬೆರಳು ಮಂಚದ ಮೇಲೇ ಇತ್ತು" ಅಂದಳು ಚಾಪೆಯಾಕೆ. "ಬಾಯಿ ಒಣಗಿಸ್ಕೊಂಡೇ ಹೋದ್ರು. ಎತ್ತೋದ್ರೊಳಗೆ ಒಂದು ಗುಟುಕಾದ್ರೂ ಸರಿಯಾಗಿ ಬಿಡ್ಬೇಕು, ಅದಕ್ಕೇ ಬಂದೆ."

"ಬಿಡೋಣ" ಅಂದಳು ಕರೆಯುವಾಕೆ. ಅವಳ ಗಂಟಲು ಕಟ್ಟಿತ್ತು. ಕೆಲಸದವರು ಹೇಳುತ್ತಿದ್ದದ್ದು ನಿಜವೇ ಇರಬೇಕು.

ಜೊಂಡಿನ ಓಣಿಯ ತಿರುವಿನಲ್ಲಿ ಚಾಪೆಯಾಕೆ ನಿಂತುಬಿಟ್ಟಳು. ಮನೆಯ ಬಾಗಿಲು ತೆರೆದೇ ಇತ್ತು.

"ನೋಡಕ್ಕ," ಅಂದಳು, "ಹೆಸರು ಎಷ್ಟು ಸಲೀಸಾಗಿ ಬಂತು."